ಖಾಲಿ ಲೋಟ

ಕಪನೂರಿನ ನಮ್ಮ ದಾಲ್ ಮಿಲ್ಲಿಗೆ
ತೊಗರಿಬ್ಯಾಳಿ ಬಣ್ಣ ನೋಡಿ ಆರಿಸೂ ಮಷೀನು ಬಂತು,
ಅದರ ಬೆನ್ನಿಗೆ ಚೀನಾದಿಂದ ಫಾಂಗ್ ಬಂದ.
ತೆಳ್ಳನ್ನ ಮನಿಷಾ, ಕುತ್ತಿಗಿಗೆ ಟವೆಲ್ಲು,
ಎಂಟು ದಿನ ಮಷೀನಿನ ಹೊಟ್ಟ್ಯಾಗ ತಲಿ ಇಟ್ಟು ಕುಂತ.

ಒಂಬತ್ತನೇ ದಿನ, ಒಂದೂ ಕರೀಕಾಳು ಉಳೀದಂಗ
ಫಟ್ ಫಟ್ ಅಂತ ಊದಿ ಹೊರಗ ಹಾಕಿತು ಅದು.
ಸಾಹುಕಾರ ಗುರುಲಿಂಗಪ್ಪ ಎರಡು ಐನೂರರ ನೋಟು ತಗದು,
ತಾವು ಮುಟ್ಟೂ ವಸ್ತು ಅಲ್ಲಂತ ಆ ಕಡಿ ಮುಖ ಮಾಡಿ,
"ಪಾವಣ್ಯಾಗ ಏನರೆ ತಂದು ಕುಡಸೋ ಶಾಂತಮಲ್ಲ,
ಮರ್ಯಾದಿ ಹೋಗಬಾರದು, ರೊಕ್ಕಾನೂ ಹೋಗಬಾರದು" ಅಂದ್ರು.

ರಿಂಗ್ ರೋಡಿನ ವೈನ್ ಶಾಪಿನಾಗ ಅರ್ಧಾ ತಾಸು ನಿಂತೆ.
ನನ್ನ ಶಾಣ್ಯಾತನ ಕ್ವಾರ್ಟರಿಗೇ ಮುಗೀತದ.
ಜಾಲರಿ ಹಿಂದಿನ ಹುಡುಗ ಕೇಳಿದ,
"ನಿಮಗೋ, ಬ್ಯಾರೇದವರಿಗೋ?"
ಬ್ಯಾರೇದವರಿಗೆ ಅಂದಕೂಡ್ಲೆ ಬಂಗಾರದ ಡಬ್ಬಿ ಇಳಿಸಿದ.
"ಒಳಗಿಂದು ಸುಮಾರದ. ಡಬ್ಬಿ ಚಲೋ ಅದ.
ಪಾವಣ್ಯಾರು ಡಬ್ಬೀನೇ ನೋಡ್ತಾರ."
ಒಂಬೈನೂರ ಇಪ್ಪತ್ತು. ಉಳಿದ ಎಂಬತ್ತಕ್ಕ ಮಿರ್ಚಿ ಭಜಿ.

ಗೋಡೌನಿನ ಹಿಂದ, ಖಾಲಿ ಚೀಲದ ಮ್ಯಾಲ
ಫಾಂಗ್, ನಾನು, ಬರೇ ಭಜಿಗಂತ ಹಮಾಲ ಇಮಾಮಸಾಬ.
ಫಾಂಗ್ ಒಂದು ಗುಟುಕು ಕುಡದ. ನಕ್ಕ. ಲೋಟ ಕೆಳಗಿಟ್ಟ.
ಆ ನಗು ನನಗ ಗೊತ್ತದ,
ಬೀಗರ ಮನ್ಯಾಗ ಉಪ್ಪಿಲ್ಲದ ಪಲ್ಯಾಕ್ಕ ನಾ ನಗೂದು ಅದನ್ನೇ.

ಆಮ್ಯಾಲ ಪಾನಾ ಪಕ್ಕಡದ ಚೀಲದ ತಳದಿಂದ
ಸಾಕ್ಸಿನಾಗ ಸುತ್ತಿದ ಬಾಟ್ಲಿ ತಗದ.
ಹಸರು ಗಾಜು. ಡಬ್ಬಿ ಇಲ್ಲ. ಚೀಟಿ ಅರ್ಧಾ ಹರದದ.
ಒಳಗ ನೀರಿನಂಥ ನೀರು.
ಫೋನಿಗೆ ಏನೋ ಅಂದ, ಫೋನು ನನಗ ಕನ್ನಡದಾಗ ಹೇಳಿತು,
ನಮ್ಮ ಕನ್ನಡ ಅಲ್ಲ, ಸಾಲಿ ಮಾಸ್ತರರ ಕನ್ನಡ:
"ಇದು ಅಗ್ಗದ ಮದ್ಯ. ಕ್ಷಮಿಸಿ. ನಾನು ಮನೆಯಲ್ಲಿ ಕುಡಿಯುವುದು."
ರೇಟು ಕೇಳಿದೆ. ಹತ್ತೂ ಬೆರಳು ಎತ್ತಿ, ಮತ್ತ ಐದು ಎತ್ತಿದ.
ನಮ್ಮ ರೊಕ್ಕದಾಗ ಇನ್ನೂರು ಮುಟ್ಟಂಗಿಲ್ಲ.
ಅವರೂರಾಗೂ ಸಾಹೇಬರಿಗಂತ ಕೆಂಪು ಡಬ್ಬಿದು ಬ್ಯಾರೆ ಅದನಂತ,
ಅದು ಕುಡಿಲಾಕಲ್ಲ, ಕೊಡ್ಲಾಕ.

ಮತ್ತ ಅಗ್ಗದ್ರಾಗ ಚಲೋದು ಹೆಂಗ ಆರಿಸ್ತಿ?
ಬಾಟ್ಲಿ ಬೋರಲ ಮಾಡಿ ಜಾಡಿಸಿದ.
ಗುಳ್ಳಿ ಎದ್ದವು, ಕಾಳಿನಷ್ಟು ಕಾಳಿನಷ್ಟು,
ಅವಸರ ಇಲ್ಲದೆ ಒಡದವು.
"ಹೂವು" ಅಂತು ಫೋನು. ಹೂವಂತ. ಇರ್ಲಿ.
ಚೀಟಿ ಮ್ಯಾಲ ಬೆರಳಿಟ್ಟ:
"ನೀರು, ಧಾನ್ಯ. ಬೇರೇನೂ ಬರೆದಿರಬಾರದು."
ನನ್ನ ಅಂಗೈಗೆ ಒಂದು ಹನಿ ಹಾಕಿ, ತಿಕ್ಕು ಅಂತ ಸನ್ನಿ ಮಾಡಿದ.

ತಿಕ್ಕಿ ಮೂಸಿದೆ.
ಮೊದಲ ಉರಿ. ಬೆನ್ನಿಗೇ ಅನಾನಸಿನಂಥದ್ದೇನೋ.
ಆಮ್ಯಾಲ,
ಅಂಬಲಿಗೆ ಹುಳಿ ಬರ್ಲಿ ಅಂತ ಅವ್ವ ರಾತ್ರಿ ಮುಚ್ಚಿಟ್ಟ ಗಡಗಿ
ಬಾಯಿ ತೆರದಂಗ.

"ಯಾವ ಧಾನ್ಯ?" ಅಂದೆ. ಫೋನು ಸುಮ್ಮನಾತು, ನೆಟ್‌ವರ್ಕ್ ಹೋಗಿತ್ತು.
ಫಾಂಗ್ ಆ ಕಡಿ ಈ ಕಡಿ ನೋಡಿ
ಇಮಾಮಸಾಬನ ಬುತ್ತಿಯಿಂದ ಒಂದು ಚೂರು ರೊಟ್ಟಿ ಮುರದು,
ಬಾಟ್ಲಿಗೆ ತಾಗಿಸಿ ಹಿಡದ.
"ಗಾವ್‌ಲ್ಯಾಂಗ್, ಗಾವ್‌ಲ್ಯಾಂಗ್!"
"ಜ್ವಾಳಾ!" ಅಂದ ಇಮಾಮಸಾಬ, ನನಗಿಂತ ಮೊದಲ.
ಹನಿ ಮುಟ್ಟದ ಮನಿಷಾ ಅಂವ,
ನಕ್ಕು ನಕ್ಕು ಕಣ್ಣು ವರಸಿಕೊಂಡ.

ಲೋಟ ತಾಗಿಸೂ ಮುಂದ
ಫಾಂಗ್ ತನ್ನದು ನನ್ನದಕ್ಕಿಂತ ತುಸು ಕೆಳಗ ಹಿಡದ,
ಅವರ ಕಡಿ ಅದು ಮರ್ಯಾದಿ.
ನಾ ಇನ್ನಷ್ಟು ಕೆಳಗ. ಅಂವ ಅದಕ್ಕೂ ಕೆಳಗ.
ಕಡೀಕ ಎರಡೂ ಲೋಟ
ಶಹಾಬಾದಿ ಫರಸಿ ಮ್ಯಾಲ ಬಂದು ಕುಂತವು.

ಬಂಗಾರದ ಡಬ್ಬಿ ವಾಚ್‌ಮನ್ ಒಯ್ದ, ಬೀಡಿಕಟ್ಟು ಇಡ್ಲಾಕ.
ಹೊಂಟಾಗ ಫಾಂಗ್ ಫೋನಿನ ಬಾಯಿಂದ ಹೇಳಿಸಿದ:
"ಲೋಟವನ್ನು ತೊಳೆಯಬೇಡಿ. ಬೆಳಿಗ್ಗೆ ನೋಡಿ."

ಮುಂಜಾನಿ ಸೈರನ್ನಿಗಿಂತ ಮೊದಲ ಹೋದೆ.
ಒಂಬೈನೂರ ಇಪ್ಪತ್ತರ ಲೋಟದಾಗ ಬರೇ ಸ್ಪಿರಿಟ್ಟು, ಸತ್ತ ನೊಣ.
ಇನ್ನೊಂದರಾಗ ಮೂಗಿಟ್ಟೆ.

ಇಮಾಮಸಾಬ ಚಹಾ ಹಾಕ್ಲಾಕ ಲೋಟ ಕೇಳಿದ.
ತಡಿಯೋ ಮಾರಾಯ, ಅಂದೆ,
ಇನ್ನೂ ಖಾಲಿ ಆಗಿಲ್ಲ.